ಮೈಸೂರು ರಾಜಮನೆತನವೂ ಚತುರ್ವಿಧ ದಾನವೂ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಾವಸರದಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳನ್ನು ಸ್ಮರಿಸುವುದು ಶ್ರಾವಕರಾದ ನಮಗೆ ಸಹಜವಾಗಿದೆ. ಮೈಸೂರಿನ ಒಡೆಯರು ಚಾಮುಂಡೇಶ್ವರಿಯ ಭಕ್ತರು, ಜೈನರಲ್ಲ. ಆದರೂ ಶ್ರವಣಬೆಳಗೊಳದ ದೇವರ ಭೂಮಿಗಳು ಒತ್ತೆಬಿದ್ದಿದ್ದಾಗ, 1634ರಲ್ಲಿ, ಚಾಮರಾಜ ಒಡೆಯರು ಅವನ್ನು ಬಿಡಿಸಿಕೊಟ್ಟುದನ್ನು ಅಲ್ಲಿನ ಶಾಸನವೇ ಸಾರುತ್ತದೆ. ಅದೇ ಮನೆತನದ ಈಚಿನ ಚರಿತ್ರೆಯಲ್ಲಿ ಮನೆಯ ದುಃಖವು ಲೋಕಕ್ಕೆ ದಾನವಾಗಿ ಪರಿಣಮಿಸಿದ ಬಗೆ ಮನನೀಯವಾಗಿದೆ.

ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1894ರಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದಿತು. ಎಳೆಯ ಬಾಲೆಯರಿಗೆ ಅದು ಅಭಯದಾನವೇ ಸರಿ. ಅದೇ ವರ್ಷದ ಡಿಸೆಂಬರ್ 28ರಂದು ಪ್ರಭುಗಳು ದೂರದ ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗದಿಂದ ಕಾಲವಶರಾದರು. ಆಗ ಅವರ ವಯಸ್ಸು 31. ಹಿರಿಯ ಕುಮಾರ ಕೃಷ್ಣರಾಜರಿಗೆ ಹತ್ತೇ ವರ್ಷ.

ಇನ್ನೂ ಮೂವತ್ತು ದಾಟದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನದವರು, ವೈಧವ್ಯದ ಶೋಕವನ್ನು ಅದುಮಿಕೊಂಡು ರಾಜ್ಯಭಾರವನ್ನು ಹೊತ್ತರು. 1897ರಲ್ಲಿ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷವೇ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆಯ ಕಾರ್ಯ ಮೊದಲಾಯಿತು. ಬರಡುಸೀಮೆಗೆ ನೀರುಣಿಸಿದ ಆ ಜಲಾಶಯ ಅವರ ಹೆಸರನ್ನೇ ಹೊತ್ತಿದೆ. ಅನ್ನವನ್ನು ಬೆಳೆಯಲು ನೀರು ಕೊಡುವುದಕ್ಕಿಂತ ದೊಡ್ಡ ಆಹಾರದಾನ ಯಾವುದು? 1902ರ ಆಗಸ್ಟ್ 8ರಂದು ಮಗನಿಗೆ ಅಧಿಕಾರವನ್ನೊಪ್ಪಿಸಿ ಅವರು ನಿರಾತಂಕವಾಗಿ ಹಿಂದೆ ಸರಿದರು.

ನಾಲ್ವಡಿ ಕೃಷ್ಣರಾಜ ಒಡೆಯರು ತಾಯಿಯ ದಾರಿಯಲ್ಲಿಯೇ ನಡೆದರು. ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಆಕೆಯ ಮೂವರು ಹೆಣ್ಣುಮಕ್ಕಳೂ ಕ್ಷಯರೋಗಕ್ಕೆ ತುತ್ತಾದರು. ರಾಜವೈದ್ಯರಿದ್ದ ಮನೆಯಲ್ಲಿಯೇ ಹೀಗಾದರೆ ಬಡವರ ಪಾಡೇನು? ಸೋದರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾಲಯ ಈ ಪ್ರಶ್ನೆಗೆ ದೊರೆ ಕೊಟ್ಟ ಉತ್ತರ. ಔಷಧದಾನಕ್ಕೆ ಇದಕ್ಕಿಂತ ಮನಮುಟ್ಟುವ ನಿದರ್ಶನ ಬೇಕಿಲ್ಲ.

ಶಾಸ್ತ್ರದಾನದ ವಿಷಯದಲ್ಲಿ ನಮ್ಮ ಸಮಾಜದ ಋಣ ವಿಶೇಷವಾದುದು. ಸಂಸ್ಥಾನದ ಆಶ್ರಯದಲ್ಲಿ ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆ 500ಕ್ಕೆ ಏರಿತು. ಬಂಡೆಗಳ ಮೇಲೆ ಮಾಸುತ್ತಿದ್ದ ನಮ್ಮ ಆಚಾರ್ಯರ, ಸಲ್ಲೇಖನವ್ರತಿಗಳ ಹೆಸರುಗಳು ಹೀಗೆ ಉಳಿದುವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಉದಯಿಸಿತು. 1925ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಪ್ರಭುಗಳು ಬೆಳಗೊಳಕ್ಕೆ ದಯಮಾಡಿಸಿ ಜೈನ ಸಮಾಜವನ್ನು ಉದ್ದೇಶಿಸಿ ಮಾತನಾಡಿದರು.

ನಾಲ್ವಡಿಯವರಿಗೆ ಸಂತಾನವಿರಲಿಲ್ಲ. 1934ರಲ್ಲಿ ತಾಯಿಯೂ 1940ರ ಮಾರ್ಚ್‌ನಲ್ಲಿ ತಮ್ಮ ಕಂಠೀರವ ನರಸಿಂಹರಾಜ ಒಡೆಯರೂ ಅಗಲಿದರು. ಅದೇ ವರ್ಷದ ಆಗಸ್ಟ್ 3ರಂದು ತಾವೂ ಅಸ್ತಂಗತರಾದರು. ಪಟ್ಟ ತಮ್ಮನ ಮಗ ಜಯಚಾಮರಾಜರಿಗೆ ಬಂದಿತು. 1947ರಲ್ಲಿ ರಾಜ್ಯವೂ ಪ್ರಜೆಗಳ ಕೈಸೇರಿತು. ಸಿಂಹಾಸನ ಅನಿತ್ಯ. ಆದರೆ ಕೆರೆಯ ನೀರು, ರೋಗಿಯ ಹಾಸಿಗೆ, ಅಚ್ಚಾದ ಶಾಸನ ಇವು ಉಳಿದುವು.

ಬಿಂಬಪ್ರತಿಷ್ಠೆ ಮುಗಿದ ಮೇಲೆ ಬಸದಿಯ ಬಾಗಿಲಿನಲ್ಲಿ ನಿಂತು ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದಿಷ್ಟೆ: ನಮ್ಮ ಮನೆಯ ದುಃಖದಿಂದ ನೆರೆಮನೆಗೆ ಯಾವ ದಾನ ಹೊರಟಿದೆ?