ಕೆಂಡದ ಸೀಮೆಗಳು

ಅಮೆರಿಕದ ದಕ್ಷಿಣ ಸೀಮೆಯವರಿಗೆ ಬಾರ್ಬೆಕ್ಯೂ ಎಂದರೆ ಜಾಲರಿಯ ಮೇಲಿಟ್ಟು ಥಟ್ಟನೆ ಸುಡುವ ಅಡುಗೆಯಲ್ಲ. ಸೌದೆ ಉರಿದು ಬಿದ್ದ ಕೆಂಡದ ಹದವಾದ ಕಾವಿನಲ್ಲಿ, ರಾತ್ರಿಯಿಡೀ ಹೊಗೆ ಕುಡಿದು ಬೆಂದ ಮಾಂಸಕ್ಕೆ ಮಾತ್ರ ಅಲ್ಲಿ ಆ ಹೆಸರು ಸಲ್ಲುತ್ತದೆ. ಯಾವ ಪ್ರಾಣಿ, ಅದರ ಯಾವ ಭಾಗ, ಯಾವ ಮರದ ಸೌದೆ, ಸಾಸ್ ಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಊರಿಗೊಂದು ಉತ್ತರ. ತಮ್ಮದೇ ಮೂಲ, ಉಳಿದವರದು ಆಮೇಲೆ ಬಂದದ್ದು ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಆದರೆ ಈ ಭೇದಗಳಲ್ಲಿ ಹೆಚ್ಚಿನವು ಅನಾದಿ ಕಾಲದವಲ್ಲ. ಮಾರುಕಟ್ಟೆ, ವಲಸೆ ಮತ್ತು ಬಾಣಸಿಗರ ಓಡಾಟದಿಂದ ಅವು ಈಚೆಗೆ ಹುಟ್ಟಿದವು. ಅವನ್ನು ಕರಗದಂತೆ ಕಾದದ್ದು ಊರೂರ ನಡುವಿನ ಪ್ರೀತಿಯ ಜಗಳ ಎಂಬುದು ನನ್ನ ವಾದ.

ಕೆರಿಬಿಯನ್ ದ್ವೀಪಗಳ ತೈನೊ ಜನರ ಮರದ ಅಟ್ಟಣಿಗೆಯನ್ನು ಸ್ಪೇನಿನವರು ‘ಬಾರ್ಬಕೋವಾ’ ಎಂದು ಬರೆದುಕೊಂಡರು. ಹೆಸರು ಬಂದದ್ದು ಅಲ್ಲಿಂದ. 18ನೇ ಶತಮಾನದ ವರ್ಜೀನಿಯಾದಲ್ಲಿ ಇದು ಊರಿಗೆ ಊರೇ ಸೇರುವ ಔತಣವಾಗಿತ್ತು. 1769ರಲ್ಲಿ ಜಾರ್ಜ್ ವಾಷಿಂಗ್ಟನ್ ಅಂಥದೊಂದಕ್ಕೆ ಹೋಗಿದ್ದನ್ನು ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಆ ಕಾಲದ ವಿಧಾನ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತೆಂದು ಇತಿಹಾಸಕಾರ ರಾಬರ್ಟ್ ಮಾಸ್ ತೋರಿಸಿದ್ದಾರೆ: ನೆಲದಲ್ಲಿ ತೋಡಿದ ಕುಳಿ, ಇಡೀ ಪ್ರಾಣಿ, ಮೇಲೆ ಸವರಲು ವಿನೆಗರ್, ಮೆಣಸು, ಬೆಣ್ಣೆ. ಕುಳಿಯ ಬಳಿ ನಿದ್ದೆಗೆಟ್ಟು ಕೆಂಡ ಸರಿಸುತ್ತಿದ್ದವರು ಬಹುಪಾಲು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಉತ್ತರ ಕೆರೊಲಿನಾದ ಪೂರ್ವ ಭಾಗ ಈ ಹಳೆಯ ಕ್ರಮಕ್ಕೆ ಇಂದಿಗೂ ಹತ್ತಿರದಲ್ಲಿದೆ. ಅಲ್ಲಿ ಇಡೀ ಹಂದಿಯೇ ಬೇಕು, ಸಾಸಿನಲ್ಲಿ ವಿನೆಗರ್ ಮತ್ತು ಮೆಣಸು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅದೇ ರಾಜ್ಯದ ಪಶ್ಚಿಮದ ಲೆಕ್ಸಿಂಗ್ಟನ್‌ನವರು ಹಂದಿಯ ಭುಜದ ಮಾಂಸವನ್ನಷ್ಟೇ ಬೇಯಿಸಿ, ವಿನೆಗರಿಗೆ ಟೊಮೆಟೊ ಕೆಚಪ್ ಬೆರೆಸುತ್ತಾರೆ. ಎಷ್ಟೋ ತಲೆಮಾರಿನ ವೈರದಂತೆ ಕಾಣುವ ಈ ಭೇದ ಬೆಳೆದದ್ದು 1910ರ ದಶಕದ ಕೊನೆಯಲ್ಲಿ, ನ್ಯಾಯಾಲಯಕ್ಕೆ ಬರುವ ಜನರಿಗಾಗಿ ಎದುರಿನ ಡೇರೆಗಳಲ್ಲಿ ಶುರುವಾದ ವ್ಯಾಪಾರದಿಂದ.

ಟೆಕ್ಸಾಸ್‌ನ ಕಥೆ ಕಸಾಯಿ ಅಂಗಡಿಯದು. ಜರ್ಮನ್ ಮತ್ತು ಚೆಕ್ ವಲಸಿಗರು ಮಾರಾಟವಾಗದೆ ಉಳಿದ ಮಾಂಸವನ್ನು ಹೊಗೆಗಿಟ್ಟರು. ಹತ್ತಿ ಬಿಡಿಸಲು ಬಂದ ಕೂಲಿಗಳು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಅಲ್ಲೇ ತಿಂದರು. ತಟ್ಟೆ ಬೇಡ, ಸಾಸ್ ಬೇಡ ಎಂಬ ಅಲ್ಲಿನ ಹೆಮ್ಮೆಗೆ ಬೇರು ಇದು. ಇಂದು ಟೆಕ್ಸಾಸ್‌ನ ಗುರುತೇ ಆಗಿರುವ ಬ್ರಿಸ್ಕೆಟ್, ಅಂದರೆ ದನದ ಎದೆಯ ಗಡಸು ಮಾಂಸ, ಹೋಟೆಲುಗಳಲ್ಲಿ ಮೇಲುಗೈ ಪಡೆದದ್ದು ಮಾತ್ರ 1960ರ ದಶಕದಿಂದೀಚೆಗೆ, ಕಂಪನಿಗಳು ಮಾಂಸವನ್ನು ಭಾಗ ಮಾಡಿ ಪೆಟ್ಟಿಗೆಯಲ್ಲಿ ಕಳಿಸತೊಡಗಿದ ಮೇಲೆ. ಲಾಕ್‌ಹಾರ್ಟ್ ಊರಿನ ಕ್ರೈಟ್ಸ್ ಮಾರ್ಕೆಟ್ 1900ರಲ್ಲಿ ಆರಂಭವಾದ ಅಂಗಡಿ. ಒಡಹುಟ್ಟಿದವರ ನಡುವೆ ಪಾಲಾಗಿ 1999ರಲ್ಲಿ ಅದು ಜಾಗ ಬದಲಿಸಿದಾಗ, ಹಳೆಯ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ತುಂಬಿ ಬೀದಿಯುದ್ದ ಎಳೆದೊಯ್ದು ಹೊಸ ಒಲೆಗೆ ಹಾಕಿದರು. ಹಳೆಯ ಕಟ್ಟಡದಲ್ಲಿ ಸ್ಮಿಟಿಸ್ ಎಂಬ ಅಂಗಡಿ ತೆರೆಯಿತು. ಬಾಣಸಿಗರ ಓಡಾಟಕ್ಕೂ ಒಂದು ಉದಾಹರಣೆಯಿದೆ: ಕ್ಯಾನ್ಸಸ್ ಸಿಟಿಗೆ ಬಾರ್ಬೆಕ್ಯೂ ವ್ಯಾಪಾರ ಕಲಿಸಿದ ಹೆನ್ರಿ ಪೆರಿ ಮೆಂಫಿಸ್ ಬಳಿಯವರು. ಹೀಗಾಗಿ, ಬದ್ಧ ಎದುರಾಳಿಗಳೆನಿಸಿದ ಈ ಎರಡು ನಗರಗಳು ಒಂದೇ ಬಳ್ಳಿಯ ಕಾಯಿಗಳು. ನಮ್ಮ ಅಂಗಡಿಗಳ ಬಾಟಲಿಯಲ್ಲಿ ಬಾರ್ಬೆಕ್ಯೂ ಸಾಸ್ ಎಂದು ಸಿಗುವ ದಪ್ಪನೆಯ ಸಿಹಿ ಸಾಸ್ ಕ್ಯಾನ್ಸಸ್ ಸಿಟಿಯ ಜಾಡಿನದು.

ಸಂಪ್ರದಾಯ ಇಷ್ಟು ಹೊಸದಾದರೆ ಅದರ ಹೆಮ್ಮೆ ಪೊಳ್ಳಲ್ಲವೇ ಎಂದು ಕೇಳಬಹುದು. ವಯಸ್ಸಿನಿಂದ ಮಾತ್ರ ಹೆಮ್ಮೆಯನ್ನು ತೂಗುವುದು ಸರಿಯಲ್ಲ. ಗ್ಯಾಸ್ ಮತ್ತು ವಿದ್ಯುತ್ ಒಲೆಗಳು ಬಂದಾಗ ಸೌದೆಯ ಕುಳಿಯನ್ನು ಬಿಟ್ಟುಬಿಡಲು ಎಲ್ಲ ಕಾರಣಗಳೂ ಇದ್ದವು: ಖರ್ಚು, ಸೆಕೆ, ಬೆಂಕಿಯ ಭಯ, ರಾತ್ರಿ ದುಡಿಯುವ ಆಳುಗಳ ಅಭಾವ. ಅನೇಕರು ಬಿಟ್ಟರು ಕೂಡ. ಬಿಡದವರ ಬೆನ್ನಿಗಿದ್ದದ್ದು ಪಕ್ಕದ ಊರಿನೆದುರು ತಲೆ ತಗ್ಗಿಸಲಾರೆವೆಂಬ ಹಟ. ಉತ್ತರ ಕೆರೊಲಿನಾದ ಸಮಾಜಶಾಸ್ತ್ರಜ್ಞ ಜಾನ್ ಶೆಲ್ಟನ್ ರೀಡ್ ಮತ್ತು ಸಂಗಡಿಗರು ಸೌದೆಯಲ್ಲೇ ಬೇಯಿಸುವ ಅಂಗಡಿಗಳನ್ನು ಗುರುತಿಸಿ ಪ್ರಮಾಣಪತ್ರ ಕೊಡತೊಡಗಿದ್ದು ಈ ಹಟದ ಬಲದಿಂದಲೇ. ಸ್ಪರ್ಧೆ ರುಚಿಗಳನ್ನು ಏಕರೂಪಗೊಳಿಸುತ್ತದೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಎಲ್ಲ ರಾಜ್ಯಗಳಲ್ಲೂ ಒಂದೇ ನಿಯಮದಡಿ ಕೋಳಿ, ಪಕ್ಕೆಲುಬು, ಹಂದಿ, ಬ್ರಿಸ್ಕೆಟ್‌ಗಳಿಗೆ ಅಂಕ ಕೊಡುವ ಪಂದ್ಯಗಳಲ್ಲಿ ಗೆಲ್ಲುವ ರುಚಿಯನ್ನೇ ಎಲ್ಲರೂ ಬೆನ್ನಟ್ಟುತ್ತಾರೆ; ಇದನ್ನು ಒಪ್ಪಬೇಕು. ಆದರೆ ಅದು ಅಂಕದ ಪೈಪೋಟಿ. ಊರುಗಳ ಪೈಪೋಟಿಗೆ ತೀರ್ಪುಗಾರರಿಲ್ಲ. ಅಲ್ಲಿ ಗೆಲ್ಲಬೇಕಾದರೆ ಬೇರೆಯಾಗಿ ಉಳಿಯಬೇಕು.

ನನಗೆ ಹೆಚ್ಚು ನೋವು ಕೊಡುವ ಆಕ್ಷೇಪ ಮೂರನೆಯದು: ರಾಜ್ಯಗಳ ಹೆಸರಿನಲ್ಲಿ ಬಿಡಿಸಿದ ಈ ನಕ್ಷೆ ಕಪ್ಪು ಬಾಣಸಿಗರನ್ನು ಮರೆಸಿತು ಎಂಬುದು. ಇದು ನಿಜ. ಏಡ್ರಿಯನ್ ಮಿಲ್ಲರ್ 2021ರಲ್ಲಿ ಅವರಿಗಾಗಿಯೇ ಒಂದು ಇತಿಹಾಸ ಬರೆಯಬೇಕಾಗಿ ಬಂತು. ಹೆಮ್ಮೆ ಪಡುವ ಊರು ಕೆಂಡ ಸರಿಸಿದವರನ್ನೂ ಹೆಸರಿಸಿ ನೆನೆಯಲೇಬೇಕು. ಹಾಗೆ ನೆನೆದಾಗ ನಕ್ಷೆಯ ಗೆರೆಗಳೂ ಸಡಿಲವಾಗುತ್ತವೆ. ದಕ್ಷಿಣ ಕೆರೊಲಿನಾವೆಂದರೆ ಸಾಸಿವೆ ಸಾಸ್ ಎನ್ನುತ್ತಾರೆ. ಅದೇ ರಾಜ್ಯದ ಹೆಮಿಂಗ್ವೇ ಎಂಬ ಪುಟ್ಟ ಊರಿನಲ್ಲಿ ವಿನೆಗರ್ ಮೆಣಸಿನ ಇಡೀ ಹಂದಿ ಬೇಯಿಸುತ್ತ ಬೆಳೆದ ಕಪ್ಪು ಬಾಣಸಿಗ ರಾಡ್ನಿ ಸ್ಕಾಟ್ 2018ರಲ್ಲಿ, ಅಮೆರಿಕದ ಬಾಣಸಿಗರು ದೊಡ್ಡ ಗೌರವವೆಂದು ಕಾಣುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. ಮರುವರ್ಷ ಅವರು ಒಲೆ ಹೂಡಿದ್ದು ಅಲಬಾಮಾದಲ್ಲಿ, ಕೋಳಿಗೆ ಮಯೋನೀಸ್‌ನ ಬಿಳಿ ಸಾಸ್ ಹಚ್ಚುವವರ ಸೀಮೆಯಲ್ಲಿ.