ನೀವು ಹೋದದ್ದು ಸರ್ವರಿಗೆ ಗೊತ್ತಾಗುವುದು ಹೇಗೆ?

ತೇನಿ: ಬೋಡಿಯಿಂದ ಬೋಡಿಮೆಟ್ಟಿಗೆ ಹತ್ತುವ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹಣ ಕಟ್ಟುತ್ತಿದ್ದೀರಿ ಅನ್ನಿ. ಗುಂಡಿ ಒತ್ತಿದಿರಿ, ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಹೊರಳಿ ಸಿಗ್ನಲ್ ಮಾಯ! ಹಣ ಹೋಯಿತೋ ಇಲ್ಲವೋ ನಿಮಗೆ ಗೊತ್ತಿಲ್ಲ. ವಿಚಿತ್ರವೆಂದರೆ, ನೀವು ಹೋದದ್ದು ಆ ಕಡೆಯ ಸರ್ವರಿಗೂ ಗೊತ್ತಿಲ್ಲ.

ಸರ್ವರ್ ಎಂದರೆ ನಾವು ಕೇಳಿದ ಪುಟವನ್ನು ಕಳಿಸುವ ಕಂಪ್ಯೂಟರ್. ಕೇಳುವ ನಮ್ಮ ಬ್ರೌಸರಿಗೆ ಕ್ಲೈಂಟ್ ಎಂದು ಹೆಸರು. ಈ ಕ್ಲೈಂಟ್ ನಡುವೆಯೇ ಎದ್ದು ಹೋದರೆ ಪತ್ತೆ ಹಚ್ಚುವುದು ಹೇಗೆ? ವೆಬ್ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ತಿಳಿದಿರಬೇಕಾದ ವಿಷಯ ಇದು.

<b>ಎರಡು ಬಗೆಯ ಹೋಗುವಿಕೆ</b>

ಬ್ರೌಸರನ್ನು ನೀವೇ ಮುಚ್ಚಿದರೆ ಅದು ಹೇಳಿಯೇ ಹೋಗುತ್ತದೆ. ಟಿಸಿಪಿ ನಿಯಮದಂತೆ 'ಫಿನ್' ಅಥವಾ 'ರೀಸೆಟ್' ಎಂಬ ಚೀಟಿ ಸರ್ವರಿಗೆ ತಲುಪುತ್ತದೆ. ಆದರೆ ಕರೆಂಟ್ ಹೋದರೆ, ಸಿಗ್ನಲ್ ಸತ್ತರೆ ಯಾವ ಚೀಟಿಯೂ ಬರುವುದಿಲ್ಲ. ಬರೀ ಮೌನ.

ಅಜ್ಜಿ ಕಥೆ ಹೇಳುವಾಗ ಮೊಮ್ಮಗು 'ಹೂಂ' ಅನ್ನುತ್ತಿರಬೇಕು ತಾನೇ? ಹೂಂಗುಟ್ಟುವುದು ನಿಂತರೆ ಮಗು ಮಲಗಿತೆಂದು ಲೆಕ್ಕ. ಸರ್ವರಿಗೂ ಬೇರೆ ದಾರಿಯಿಲ್ಲ. ಆಗಾಗ ಏನಾದರೂ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಬೇಕು. ಲಿನಕ್ಸ್‌ನಲ್ಲಿ ಇದಕ್ಕೆ 'ಕೀಪ್ ಅಲೈವ್' ಸೌಲಭ್ಯ ಇದೆ. ಆದರೆ ಪ್ರೋಗ್ರಾಂ ಅದನ್ನು ಕೇಳಿ ಪಡೆಯಬೇಕು. ಪಡೆದರೂ ಮೊದಲ ವಿಚಾರಣೆ ನಡೆಯುವುದು 7200 ಸೆಕೆಂಡು, ಅಂದರೆ 2 ಗಂಟೆ ಸುಮ್ಮನಿದ್ದ ಮೇಲೆ! ಈ ಅವಧಿಯನ್ನು ಬೇಕಾದಂತೆ ಇಳಿಸಿಕೊಳ್ಳಬಹುದು. 2011ರಲ್ಲಿ ಪ್ರಮಾಣಿತವಾದ ವೆಬ್‌ಸಾಕೆಟ್‌ನಲ್ಲಿ 'ಪಿಂಗ್' ಕಳಿಸಿದರೆ 'ಪಾಂಗ್' ಎಂದು ಉತ್ತರ ಬರುವ ಏರ್ಪಾಡು ಇದೆ.

<b>ಭಾಷೆಗೊಂದು ರೀತಿ</b>

ಪಿಎಚ್‌ಪಿಯಲ್ಲಿ 'ಕನೆಕ್ಷನ್ ಅಬಾರ್ಟೆಡ್' ಎಂಬ ಫಂಕ್ಷನ್ ಇದೆ. ಆದರೆ ಪಿಎಚ್‌ಪಿಗೆ ಸುದ್ದಿ ತಿಳಿಯುವುದು ಏನನ್ನಾದರೂ ಹೊರಗೆ ಕಳಿಸಲು ಹೋದಾಗ ಮಾತ್ರ. 'ಎಕೋ' ಬರೆದರೆ ಸಾಲದು, ಬಫರ್‌ನಲ್ಲಿ ಕೂತದ್ದನ್ನು 'ಫ್ಲಶ್' ಮಾಡಿ ಹೊರಗೆ ತಳ್ಳಬೇಕು. ಕ್ಲೈಂಟ್ ಹೋದ ಮೇಲೂ ಮೊದಲ ಬರವಣಿಗೆ ಸರಿಯಾಗಿಯೇ ಹೋದಂತೆ ಕಾಣಬಹುದು, ಎರಡನೆಯದರಲ್ಲಿ ದೋಷ ಸಿಗುತ್ತದೆ.

ನೋಡ್ ಜೆಎಸ್‌ನಲ್ಲಿ ಉತ್ತರ ಮುಗಿಯುವ ಮೊದಲೇ 'ಕ್ಲೋಸ್' ಘಟನೆ ಬಂದರೆ ಕ್ಲೈಂಟ್ ಹೋಯಿತೆಂದು ಅರ್ಥ. ಗೋ ಭಾಷೆಯಲ್ಲಿ ಆ ಕೋರಿಕೆಯ 'ಕಾಂಟೆಕ್ಸ್ಟ್' ರದ್ದಾಗುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಬರೆಯಲು ಹೋದಾಗ 'ಕ್ಲೈಂಟ್ ಅಬಾರ್ಟ್ ಎಕ್ಸೆಪ್ಶನ್' ಬರುತ್ತದೆ. ಎಂಜಿನ್‌ಎಕ್ಸ್ ತನ್ನ ದಾಖಲೆಯಲ್ಲಿ 499 ಎಂದು ಬರೆದಿಡುತ್ತದೆ. ನಡುವೆ ಇಂಥ ಮಧ್ಯವರ್ತಿ ಸರ್ವರ್ ಇದ್ದರೆ ನಿಮ್ಮ ಪ್ರೋಗ್ರಾಂ ನೋಡುವುದು ಅದನ್ನೇ ಹೊರತು ಬಳಕೆದಾರನನ್ನಲ್ಲ, ನೆನಪಿರಲಿ.

<b>ನಿಲ್ಲಿಸಬೇಕೋ, ಮುಗಿಸಬೇಕೋ?</b>

ಪತ್ತೆಯಾದ ಮೇಲೆ ಏನು ಮಾಡಬೇಕೆಂಬುದೇ ಮುಖ್ಯ. ದೊಡ್ಡ ಪಟ್ಟಿ ಹುಡುಕುವ, ಕಡತ ಇಳಿಸುವ ಕೆಲಸವಾದರೆ ಅಲ್ಲೇ ನಿಲ್ಲಿಸಿ. ಕೇಳುವವರಿಲ್ಲದ ಕೆಲಸಕ್ಕೆ ಸರ್ವರ್ ಯಾಕೆ ಬೆವರಬೇಕು?

ಹಣದ ವಿಷಯ ಹಾಗಲ್ಲ. ಬೋಡಿನಾಯಕನೂರಿನಲ್ಲಿ ಏಲಕ್ಕಿ ಹರಾಜು 2007ರಲ್ಲೇ ಕಂಪ್ಯೂಟರಿಗೆ ಬಂತು. ಕೂಗಿದ ಬೆಲೆ ತಲುಪಿತೇ ಇಲ್ಲವೇ ಎಂಬುದರ ಬೆಲೆ ನಮ್ಮ ಕಡೆಯ ಬೆಳೆಗಾರರಿಗೆ ಗೊತ್ತು. ಹಣದ ಲೆಕ್ಕವನ್ನು ಅರ್ಧಕ್ಕೆ ಬಿಡಬಾರದು. ಪೂರ್ತಿ ಮುಗಿಸಬೇಕು, ಇಲ್ಲವೇ ಪೂರ್ತಿ ರದ್ದು ಮಾಡಬೇಕು. ಕ್ಲೈಂಟ್ ಹೋದರೆ ಪಿಎಚ್‌ಪಿ ಕೆಲಸ ನಿಲ್ಲಿಸುವುದು ರೂಢಿ. 'ಇಗ್ನೋರ್ ಯೂಸರ್ ಅಬಾರ್ಟ್' ಎಂದು ಹೇಳಿದರೆ ಅದು ಮುಂದುವರಿಯುತ್ತದೆ.

ಜೊತೆಗೆ ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಡಿ. ಅದೇ ಸಂಖ್ಯೆ ಮತ್ತೆ ಬಂದರೆ ಹಣವನ್ನು ಎರಡನೇ ಸಲ ಮುರಿಯದೆ ಹಳೆಯ ರಸೀದಿಯನ್ನೇ ತೋರಿಸಿ. ಸಂಪರ್ಕ ಯಾವಾಗ ಕಡಿದರೂ ಹಣ ಎರಡು ಸಲ ಹೋಗದಂತೆ ಕಾಯುವುದು ಈ ಸಂಖ್ಯೆಯೇ.

ಪ್ರೋಗ್ರಾಂ ಬರೆಯದ ಓದುಗರಿಗೂ ಒಂದು ಮಾತು: ಪರದೆ ಖಾಲಿಯಾದರೆ ಹಣ ಹೋಗಿಲ್ಲವೆಂದು ಅರ್ಥವಲ್ಲ. ಮತ್ತೆ ಗುಂಡಿ ಒತ್ತುವ ಮೊದಲು ಸಿಗ್ನಲ್ ಸಿಕ್ಕ ಕಡೆ ನಿಂತು ಖಾತೆಯ ವಿವರ ನೋಡಿ, ಆಮೇಲೆ ಒತ್ತಿ.