ಧಾರವಾಡದ ದಾರಿ, ಊರಿನ ಡಾಕ್ಟರು

ಮನಸ್ಸಿನ ಕಾಯಿಲೆ ಉಲ್ಬಣಿಸಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಧಾರವಾಡ ನೆನಪಾಗುವುದಕ್ಕೆ ಇತಿಹಾಸದ ಕಾರಣವಿದೆ. 1862ರಲ್ಲಿ ಈ ತಾಲ್ಲೂಕುಗಳಿರುವ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಪ್ರಾಂತದಲ್ಲಿದ್ದ ಧಾರವಾಡದಲ್ಲಿ 1845ರಿಂದಲೇ ಹುಚ್ಚಾಸ್ಪತ್ರೆ ಇತ್ತು. ಅದು ಚಿಕಿತ್ಸೆಗಿಂತ ಕಾವಲಿಗೆ ಹೆಚ್ಚು ಗಮನ ಕೊಟ್ಟ ಕಾಲ. 1912ರ ಕಾಯ್ದೆಯಂತೆ ರೋಗಿಯನ್ನು ಸೇರಿಸಲು ವೈದ್ಯರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಊರಿನ ವೈದ್ಯರ ಪಾಲಿಗೆ ಆ ಕಾನೂನು ಇಟ್ಟಿದ್ದು ಸಹಿ ಹಾಕುವ ಕೆಲಸವನ್ನು ಮಾತ್ರ. ಕಾನೂನು ಎರಡು ಸಲ ಬದಲಾಗಿದೆ, ಔಷಧಿಯೂ ಬಂದಿದೆ. ‘ಇದು ನನ್ನ ಕಾಯಿಲೆಯಲ್ಲ’ ಎಂದು ಮುಂದಕ್ಕೆ ಕಳಿಸಿಬಿಡುವ ಅಭ್ಯಾಸ ಮಾತ್ರ ಪೂರ್ತಿ ಹೋಗಿಲ್ಲ. ಸ್ಕಿಜೋಫ್ರೀನಿಯಾ ಇರುವವರ ಆರೈಕೆ ಊರಿನ ಡಾಕ್ಟರ ಕೈಗೆ ಬರಬೇಕು, ಅದಕ್ಕಾಗಿ ಅವರಿಗೆ ತರಬೇತಿ ಸಿಗಬೇಕು ಎನ್ನುವುದು ನನ್ನ ವಾದ. ಇದಕ್ಕೆ ಆಧಾರ ಕರ್ನಾಟಕದಲ್ಲೇ ಇದೆ.

ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇರುವುದು ಸುಮಾರು ಹತ್ತು ಸಾವಿರ ಹಾಸಿಗೆ ಎಂದು 1946ರಲ್ಲೇ ಭೋರ್ ಸಮಿತಿ ಲೆಕ್ಕ ಕೊಟ್ಟಿತ್ತು. ಹಾಸಿಗೆ ಹೆಚ್ಚಿಸುತ್ತ ಹೋಗಿ ಈ ಕಾಯಿಲೆಯನ್ನು ಎದುರಿಸುವುದು ಆಗದ ಮಾತಾಗಿತ್ತು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಈ ಕಾಯಿಲೆಗೆ ಬಳಕೆಗೆ ಬಂದಿತು. ಮುಂದೆ ಕೆಲವು ವಾರಗಳಿಗೊಮ್ಮೆ ಕೊಟ್ಟರೆ ಸಾಕಾಗುವ ಇಂಜೆಕ್ಷನ್‌ಗಳೂ ಬಂದವು. ರೋಗಿ ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯಲು ದಾರಿಯಾಯಿತು. 1970ರ ದಶಕದ ನಡುವೆ ನಿಮ್ಹಾನ್ಸ್‌ನ ಡಾ. ಆರ್. ಎಲ್. ಕಪೂರ್ ಮತ್ತು ಸಂಗಡಿಗರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇಂಥ ರೋಗಿಗಳ ಆರೈಕೆ ಕಲಿಸಲು ಹೊರಟರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ, ಔಷಧಿ ಪೂರೈಕೆ, ಮೇಲ್ವಿಚಾರಣೆ ಮೂರನ್ನೂ ಜೋಡಿಸಿ ನೋಡಿದರು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಬಯಲುಸೀಮೆಯಲ್ಲಿ ಆದದ್ದು ಮಲೆನಾಡಿಗೆ ಹೊಂದೀತೇ ಎನ್ನುವವರು ತೀರ್ಥಹಳ್ಳಿಯನ್ನು ನೋಡಬೇಕು. ಅಲ್ಲಿ ನಿಮ್ಹಾನ್ಸ್ ತಂಡ ತಾಲ್ಲೂಕಿನೊಳಗಿನ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹುಡುಕಿ, ಅಲ್ಲಿಯೇ ಔಷಧಿ ಸಿಗುವಂತೆ ಮಾಡಿ, ವರ್ಷಗಟ್ಟಲೆ ಗಮನಿಸಿತು. ಔಷಧಿ ತಪ್ಪದೆ ತೆಗೆದುಕೊಂಡವರ ದಿನನಿತ್ಯದ ಅಸಮರ್ಥತೆ, ತೆಗೆದುಕೊಳ್ಳದವರಿಗಿಂತ ಕಡಿಮೆಯಾಗಿದ್ದು ಕಂಡುಬಂತು.

ಸಾಮಾನ್ಯ ವೈದ್ಯರು ತಪ್ಪು ಮಾಡಿಯಾರು ಎನ್ನುವುದು ಮೊದಲ ಆಕ್ಷೇಪ. ಇದು ನ್ಯಾಯವಾದ ಅಳುಕು. ಆದರೆ ಮೊದಲ ರೋಗನಿರ್ಣಯವನ್ನು ಅವರೊಬ್ಬರೇ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಬೇರೆ ಯಾರಿಗೂ ಕೇಳದ ದನಿ ಕೇಳುವುದು, ವಿನಾಕಾರಣ ಸಂಶಯ, ನಿದ್ದೆಗೇಡು, ಮಂಕಾಗಿ ಮೂಲೆ ಸೇರುವುದನ್ನು ಗುರುತಿಸಿ ತಜ್ಞರಿಗೆ ತೋರಿಸುವುದು, ಆಮೇಲೆ ಔಷಧಿ ನಿಲ್ಲದಂತೆ ಕಾಯುವುದು, ಕೈನಡುಕ, ಮೈಬಿಗಿತ ಕಂಡಾಗ ತಿಳಿಸುವುದು: ಇಷ್ಟು ಕಲಿಸಿದರೂ ದೊಡ್ಡ ಕೆಲಸ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರೇ ಬರುವಾಗ ಇದೆಲ್ಲ ಏಕೆ ಎಂಬುದು ಎರಡನೆಯ ಆಕ್ಷೇಪ. ತಜ್ಞರು ಬರುವುದು ಗೊತ್ತಾದ ದಿನ. ಕಾಯಿಲೆ ಮರುಕಳಿಸುವುದಕ್ಕೆ ದಿನ ಗೊತ್ತಿಲ್ಲ. ಅದಲ್ಲದೆ ತೀವ್ರ ಮಾನಸಿಕ ಕಾಯಿಲೆಯವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನ ಸಾವುಗಳು ಹೃದ್ರೋಗದಂಥ ದೇಹದ ಕಾಯಿಲೆಗಳಿಂದ. ಬಿಪಿ, ಸಕ್ಕರೆ, ತೂಕ ನೋಡುವವರು ಮನೆಯ ಡಾಕ್ಟರೇ ಅಲ್ಲವೇ? ಜನ ಮೊದಲು ದೇವರು, ಮೈಮೇಲೆ ದೇವರು ಬರುವ ದರ್ಶನದ ಪಾತ್ರಿ ಎಂದು ಹೋಗುತ್ತಾರೆ ಎಂಬುದು ಮೂರನೆಯದು. ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಇದೇ ಕಪೂರ್ ಮಾಡಿ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳುತ್ತದೆ: ಜನ ಪಾತ್ರಿಯ ಬಳಿಗೂ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ. ಹರಕೆಯನ್ನು ಹೀಯಾಳಿಸದೆ ಮಾತ್ರೆಯನ್ನೂ ಕೊಡಬಲ್ಲವರು ಆ ಮನೆಯವರ ಭಾಷೆ ಬಲ್ಲ ವೈದ್ಯರೇ.

ಹಿಂದಿನ ಪ್ರಯೋಗಗಳಲ್ಲಿ ಒಂದು ಕೊರತೆ ಉಳಿಯಿತು. ಅವು ಮುಖ್ಯವಾಗಿ ಸರ್ಕಾರಿ ವೈದ್ಯರಿಗೆ ಕಲಿಸಿದವು. ಅಡಿಕೆ ತೋಟಗಳ ನಡುವೆ ಒಂದೊಂದೇ ಮನೆ ಹರಡಿರುವ ಈ ಸೀಮೆಯಲ್ಲಿ ಜ್ವರಕ್ಕೂ ಕೆಮ್ಮಿಗೂ ಜನ ನಂಬಿರುವ ಖಾಸಗಿ ವೈದ್ಯರು, ಆಯುರ್ವೇದ ಓದಿದವರೂ ಸೇರಿ, ಅದರ ಹೊರಗೇ ಉಳಿದರು. ಯಾರು ಯಾವ ಔಷಧಿ ಬರೆಯಬಹುದೆಂಬುದನ್ನು ಕಾನೂನು ಹೇಳಲಿ. ಗುರುತಿಸಲು, ಧೈರ್ಯ ಹೇಳಲು, ಔಷಧಿ ತಪ್ಪದಂತೆ ನೋಡಿಕೊಳ್ಳಲು ಎಲ್ಲರಿಗೂ ಕಲಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೂ ಮೂರು ತಾಲ್ಲೂಕುಗಳ ವೈದ್ಯರ ಸಂಘಗಳೂ ಕೂಡಿ ಆ ಪಾಠವನ್ನು ಆರಂಭಿಸಲಿ. ಧಾರವಾಡದ ದಾರಿ ಕಷ್ಟಕಾಲಕ್ಕೆ ಇರಲಿ. ನಿತ್ಯದ ಆರೈಕೆ ಊರಿನಲ್ಲೇ ಸಿಗಲಿ.